ಫೋರ್ಕ್‌ಲಿಫ್ಟ್ ಬಂತು, ಗೋಡೌನ್ ಮಾತ್ರ ಹಳೆಯದೇ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲೋ, ಹರಿಹರದ ಕಡೆಯೋ ಫೋರ್ಕ್‌ಲಿಫ್ಟ್ (ಮುಂದೆ ಚಾಚಿದ ಎರಡು ಕಬ್ಬಿಣದ ಫೋರ್ಕ್ ಮೇಲೆ ಹೊರೆ ಎತ್ತುವ ಗಾಡಿ) ಓಡಾಡುವ ಗೋಡೌನ್‌ಗೆ ಹೋದರೆ ಮೊದಲು ಕಂಬಗಳ ಬುಡ ನೋಡಿ. ಮೊಣಕಾಲಿನ ಎತ್ತರದಲ್ಲಿ ಸಿಮೆಂಟ್ ಕಿತ್ತು ಬಂದಿರುತ್ತದೆ. ಕೆಲವು ಕಡೆ ಒಳಗಿನ ಸರಳೂ ಕಾಣುತ್ತದೆ. ಶಟರ್ ಪಕ್ಕದ ಕಬ್ಬಿಣದ ಪಟ್ಟಿ ಒಳಕ್ಕೆ ಬಾಗಿರುತ್ತದೆ. ಗೋಡೆ ಮೇಲೆ ಅಕ್ಕಪಕ್ಕ ಎರಡು ಉದ್ದನೆಯ ಗೀಚು ಇದ್ದರೆ ಅದು ಫೋರ್ಕ್ ಉಜ್ಜಿದ ಗುರುತು.

ಕಂಬಕ್ಕೆ ಬಡಿದಾಗ ಯಾರೂ ಏನೂ ಬರೆದಿಡುವುದಿಲ್ಲ. ಆಪರೇಟರ್‌ಗೆ ಸೂಪರ್‌ವೈಸರ್ ಎರಡು ಮಾತು ಬೈದರೆ ಅಲ್ಲಿಗೆ ಮುಗಿಯಿತು. ಅದೇ ಕಂಬದ ಪಕ್ಕದಲ್ಲಿ ಇನ್ನೊಂದು ದಿನ ಹಮಾಲನೊಬ್ಬ ಚೀಲ ಎಣಿಸುತ್ತಾ ನಿಂತಿದ್ದರೆ, ಅದು ಪೇಪರ್‌ನ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗುತ್ತದೆ. ಆ ನಾಲ್ಕು ಸಾಲಿನಲ್ಲಿ ಒಂದು ಸಾಲು ಖಾಯಂ: ಚಾಲಕನ ಅಜಾಗರೂಕತೆಯಿಂದ. ನನ್ನ ತಕರಾರು ಇರುವುದು ಈ ಸಾಲಿನ ಬಗ್ಗೆ. ಅಪಘಾತ ಆಗುವ ಜಾಗ ಕಂಬದ ಬುಡದಲ್ಲಿ ತಿಂಗಳ ಮೊದಲೇ ಗುರುತಾಗಿರುತ್ತದೆ. ಹಾಗಿದ್ದಮೇಲೆ ಅಜಾಗರೂಕತೆ ಆಪರೇಟರ್ ಒಬ್ಬನದೇ ಹೇಗಾಗುತ್ತದೆ?

ನಮ್ಮದು ಮೊದಲಿನಿಂದಲೂ ಚೀಲ ಹೊರುವ ಸೀಮೆ. ಹತ್ತಿ ಮಿಲ್ಲುಗಳ ಕಾಲದಲ್ಲಿ ಅರಳೆ ಬೇಲುಗಳನ್ನು ಉರುಳಿಸಿ ಹಾಕುತ್ತಿದ್ದರು. ಇವತ್ತಿನ ಲೆಕ್ಕದಲ್ಲಿ ಒಂದು ಬೇಲ್ 170 ಕೆ.ಜಿ. ಈಗ ಮೆಕ್ಕೆಜೋಳ, ಅಕ್ಕಿ, ಮಂಡಕ್ಕಿ, ಸಕ್ಕರೆ, ಗೊಬ್ಬರ. ಚಳ್ಳಕೆರೆ ಕಡೆ ಹೋದರೆ ಶೇಂಗಾ ಮತ್ತು ಎಣ್ಣೆ ಮಿಲ್ಲು. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ ಎಲ್ಲವನ್ನೂ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಈ ಸರಕು ಹಗಲೂ ರಾತ್ರಿ ಓಡುತ್ತದೆ. ಎಲ್ಲ ಗೋಡೌನ್‌ನಲ್ಲೂ ಫೋರ್ಕ್‌ಲಿಫ್ಟ್ ಇಲ್ಲ. ಸ್ವಂತ ಗಾಡಿ ಇಲ್ಲದ ಎಷ್ಟೋ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರಿಸುತ್ತಾರೆ.

ಗಾಡಿ ಬಂದದ್ದು ಒಳ್ಳೆಯದೇ. ಅದರಲ್ಲಿ ಎರಡು ಮಾತಿಲ್ಲ. 50 ಕೆ.ಜಿ. ಚೀಲವನ್ನು ಬೆನ್ನ ಮೇಲೆ ಹೊತ್ತು ಹಲಗೆ ಹತ್ತಿದವರ ಮೊಣಕಾಲು ಮತ್ತು ಸೊಂಟ ನಲವತ್ತು ದಾಟುವ ಹೊತ್ತಿಗೆ ಏನಾಗಿರುತ್ತದೆ ಅಂತ ಹಮಾಲರ ಕೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತೊಂದರೆ ಬೇರೆ ಕಡೆ ಇದೆ. ನಮ್ಮ ಗೋಡೌನ್‌ಗಳು ಮನುಷ್ಯ ಹೊರುವ ಕಾಲಕ್ಕೆ ಕಟ್ಟಿದವು. ಒಂದೇ ಶಟರ್, ಹತ್ತಿರ ಹತ್ತಿರ ಕಂಬ, ಚೀಲದ ಲಾಟುಗಳ ನಡುವೆ ಒಬ್ಬ ಆಳು ಚೀಲ ಹೊತ್ತು ದಾಟುವಷ್ಟು ದಾರಿ, ಬಾಗಿಲ ಹತ್ತಿರ ಸಣ್ಣ ಇಳಿಜಾರು. ಅದೇ ದಾರಿಗೆ ಈಗ ಗಾಡಿಯನ್ನು ಬಿಟ್ಟಿದ್ದಾರೆ. ಮೂರು ಟನ್ ಎತ್ತುವ ಫೋರ್ಕ್‌ಲಿಫ್ಟ್‌ನ ಸ್ವಂತ ತೂಕವೇ ನಾಲ್ಕು ಟನ್ನಿನ ಮೇಲಿರುತ್ತದೆ. ಜನರನ್ನು ಮಾತ್ರ ಅಲ್ಲಿಂದ ಸರಿಸಿಲ್ಲ. ಚೀಲ ಎಣಿಸುವವರು, ಹರಿದ ಚೀಲ ಹೊಲಿಯುವವರು, ಕಸ ಗುಡಿಸುವ ಹೆಂಗಸರು, ಬಿಲ್ ಹಿಡಿದು ಬರುವ ಲಾರಿ ಕ್ಲೀನರ್, ಎಲ್ಲರೂ ಅದೇ ನೆಲದ ಮೇಲೆ.

ಈ ಯಂತ್ರ ಹೇಗೆ ನಿಲ್ಲುತ್ತದೆ ಅಂತ ಸ್ವಲ್ಪ ನೋಡೋಣ. ಸೀಟಿನ ಎದುರು ಒಂದು ತಗಡಿನ ಪಟ್ಟಿ ಇರುತ್ತದೆ. ಸಾಮಾನ್ಯವಾಗಿ 3000 ಕೆ.ಜಿ., ಲೋಡ್ ಸೆಂಟರ್ 500 ಮಿ.ಮೀ. ಎಂದು ಬರೆದಿರುತ್ತದೆ. ಜನ ಮೊದಲ ಸಂಖ್ಯೆ ಮಾತ್ರ ಓದುತ್ತಾರೆ. ಎರಡನೆಯದರ ಅರ್ಥ: ಹೊರೆಯ ತೂಕದ ನಡುಮಧ್ಯ ಫೋರ್ಕ್‌ನ ಬುಡದಿಂದ 50 ಸೆಂ.ಮೀ. ಒಳಗಿದ್ದರೆ ಮಾತ್ರ ಮೂರು ಟನ್. ಅದಕ್ಕಿಂತ ದೂರ ಹೋದರೆ ಅಷ್ಟು ಎತ್ತಲು ಆಗುವುದಿಲ್ಲ. ಮುಂದಿನ ಅಚ್ಚಿನಿಂದ ಫೋರ್ಕ್‌ನ ಬುಡಕ್ಕೆ 45 ಸೆಂ.ಮೀ. ಇದೆ ಎಂದುಕೊಳ್ಳಿ. ಹೊರೆಯ ನಡುಮಧ್ಯ 50ರ ಬದಲು 70 ಸೆಂ.ಮೀ.ಗೆ ಸರಿದರೆ, 3000ವನ್ನು 95ರಿಂದ ಗುಣಿಸಿ 115ರಿಂದ ಭಾಗಿಸಬೇಕು. ಹತ್ತಿರ ಹತ್ತಿರ 2,480 ಕೆ.ಜಿ. ಬರುತ್ತದೆ. ಚೀಲದ ಲೆಕ್ಕದಲ್ಲಿ 60 ಚೀಲ ಎತ್ತುವ ಗಾಡಿ ಈಗ 49 ಚೀಲಕ್ಕೆ ಬಂತು. ಈ 20 ಸೆಂ.ಮೀ. ಎಲ್ಲಿಂದ ಬರುತ್ತದೆ ಅಂದರೆ, ಪ್ಯಾಲೆಟ್ (ಚೀಲ ಪೇರಿಸುವ ಹಲಗೆ) ಒಳಗೆ ಫೋರ್ಕ್ ಪೂರ್ತಿ ಹೋಗಿರುವುದಿಲ್ಲ. ಇಲ್ಲವೇ ಚೀಲಗಳನ್ನು ಮುಂದಕ್ಕೆ ಚಾಚಿ ಅಟ್ಟಿ ಹಾಕಿರುತ್ತಾರೆ. ಫೋರ್ಕ್ ಮೇಲೆ ಹೋದಷ್ಟೂ ಎತ್ತುವ ಶಕ್ತಿ ಇನ್ನೂ ಕಡಿಮೆಯಾಗುತ್ತದೆ.

ಹೊರೆ ಜಾಸ್ತಿಯಾಗಿ ಹಿಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ ಅನ್ನಿ. ಆಗ ಆಪರೇಟರ್ ಹೊರೆ ಇಳಿಸಬೇಕು. ಆದರೆ ಎಷ್ಟೋ ಗೋಡೌನ್‌ಗಳಲ್ಲಿ ಕೇಳುವ ಮಾತು ಬೇರೆ: “ಹಿಂದ್ಗಡೆ ಇಬ್ರು ಹತ್ಕೊಳ್ರಪ್ಪಾ.” ಇಬ್ಬರು ಹುಡುಗರು ಹಿಂದಿನ ಕಬ್ಬಿಣದ ದಿಮ್ಮಿ ಮೇಲೆ ನಿಂತು ಗಾಡಿಯ ಚಾವಣಿ ಹಿಡಿದುಕೊಳ್ಳುತ್ತಾರೆ. ಇಬ್ಬರ ತೂಕ ಸೇರಿ ನೂರಿಪ್ಪತ್ತು ಕೆ.ಜಿ. ಆಗಬಹುದು. ಅಷ್ಟಕ್ಕೆ ಗಾಲಿ ನೆಲ ಮುಟ್ಟುತ್ತದೆ, ಗಾಡಿ ಹೊರಡುತ್ತದೆ. ಒಂದು ಸಣ್ಣ ಗುಂಡಿ ಸಿಕ್ಕಿ ಹಿಂಭಾಗ ಮತ್ತೆ ಎದ್ದು ಹೊರೆ ಜಾರಿದರೆ, ಎದ್ದ ಹಿಂಭಾಗ ಧಪ್ ಅಂತ ಕೆಳಗೆ ಕೂರುತ್ತದೆ. ಹಿಂದೆ ನಿಂತವನ ಕಾಲು ಎಲ್ಲಿರುತ್ತದೋ ಹೇಳಲಾಗದು. ಇದನ್ನು ತಮಾಷೆ ಥರ ನೋಡುವವರು ಇದ್ದಾರೆ. ನನಗಂತೂ ಇದಕ್ಕಿಂತ ಭಯದ ದೃಶ್ಯ ಗೋಡೌನ್‌ನಲ್ಲಿ ಇನ್ನೊಂದಿಲ್ಲ.

ಫೋರ್ಕ್‌ಲಿಫ್ಟ್‌ಗೆ ನಾಲ್ಕು ಗಾಲಿ ಇದ್ದರೂ ಅದು ನಿಲ್ಲುವುದು ಮೂರು ಜಾಗದ ಮೇಲೆ. ಮುಂದಿನ ಎರಡು ಗಾಲಿ, ಹಿಂದಿನ ಅಚ್ಚಿನ ನಡುವೆ ಇರುವ ಒಂದು ಪಿನ್. ಈ ಮೂರನ್ನೂ ಸೇರಿಸಿ ಗೆರೆ ಎಳೆದರೆ ಒಂದು ತ್ರಿಕೋನ. ಗಾಡಿ ಮತ್ತು ಹೊರೆಯ ತೂಕದ ನಡುಮಧ್ಯ ಆ ತ್ರಿಕೋನದ ಒಳಗೆ ಇರುವ ತನಕ ಗಾಡಿ ನಿಲ್ಲುತ್ತದೆ. ಹೊರೆ ಎತ್ತರಕ್ಕೆ ಏರಿಸಿಕೊಂಡು ತಿರುಗಿದರೆ ಮಗುಚುತ್ತದೆ ಅಂತ ಎಲ್ಲರಿಗೂ ಗೊತ್ತು. ಖಾಲಿ ಗಾಡಿಯೂ ಮಗುಚುತ್ತದೆ ಅಂದರೆ ಕೆಲವರು ನಂಬುವುದಿಲ್ಲ. ಹೊರೆ ಇಲ್ಲದಾಗ ತೂಕ ಹಿಂದಕ್ಕೆ ಸರಿಯುತ್ತದೆ, ತ್ರಿಕೋನ ಕಿರಿದಾಗುವ ಕಡೆಗೆ. ಅದೇ ಹೊತ್ತಿನಲ್ಲಿ ಆಪರೇಟರ್ ‘ಖಾಲಿ ತಾನೆ’ ಅಂತ ಜೋರಾಗಿ ತಿರುಗಿಸುತ್ತಾನೆ.

ಗಾಡಿ ಪಕ್ಕಕ್ಕೆ ವಾಲಿದಾಗ ಮನುಷ್ಯನಿಗೆ ಹೊಳೆಯುವುದು ಒಂದೇ, ಹಾರಬೇಕು. ಹಾರಿದವನ ಮೇಲೆ ತಲೆ ಕಾಯಲೆಂದು ಹಾಕಿದ ಕಬ್ಬಿಣದ ಚಾವಣಿಯೇ ಬೀಳುತ್ತದೆ. ಬೆಲ್ಟ್ ಹಾಕಿಕೊಂಡು, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಕಾಲು ಊರಿ, ಗಾಡಿ ಬೀಳುವ ಕಡೆಗೆ ವಿರುದ್ಧವಾಗಿ ಮೈ ವಾಲಿಸಿ ಒಳಗೇ ಕೂರಬೇಕು. ಇದು ಮನಸ್ಸಿಗೆ ಒಗ್ಗದ ಮಾತು. ಅದಕ್ಕೇ ಹೇಳಿಕೊಟ್ಟು ಮಾಡಿಸಿಯೇ ಕಲಿಸಬೇಕು. ನಮ್ಮಲ್ಲಿ ಎಷ್ಟೋ ಆಪರೇಟರ್‌ಗಳು ಹೆಲ್ಪರ್ ಆಗಿ ಸೇರಿ, ಊಟದ ಹೊತ್ತಿನಲ್ಲಿ ಕೀ ತಿರುಗಿಸಿ, ಹಿಂದೆ ಮುಂದೆ ಓಡಿಸಿ ಕಲಿತವರು. ಕೈ ಚಳಕ ಅದ್ಭುತವಾಗಿರುತ್ತದೆ. ಬೆಲ್ಟ್ ಯಾಕೆ ಅನ್ನುವುದು ಗೊತ್ತಿರುವುದಿಲ್ಲ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1999ರ ಕೊನೆಯಲ್ಲಿ ಒಂದು ಎಚ್ಚರಿಕೆ ಪ್ರಕಟಿಸಿತ್ತು. 1980ರಿಂದ 1994ರವರೆಗೆ ಅಲ್ಲಿ ಫೋರ್ಕ್‌ಲಿಫ್ಟ್‌ಗೆ ಸಂಬಂಧಪಟ್ಟ ಅವಘಡಗಳಲ್ಲಿ 1,021 ಕಾರ್ಮಿಕರು ಸತ್ತಿದ್ದರು. ಅದರಲ್ಲಿ ಗಾಡಿ ಮಗುಚಿ ಸತ್ತವರು ಶೇ. 22. ನಡೆದು ಹೋಗುತ್ತಿದ್ದಾಗ ಗಾಡಿ ಗುದ್ದಿ ಸತ್ತವರು ಶೇ. 20. ಗಾಡಿಗೆ ಸಿಕ್ಕಿ ಜಜ್ಜಿ ಹೋದವರು ಶೇ. 16. ಗಾಡಿಯಿಂದ ಬಿದ್ದು ಸತ್ತವರು ಶೇ. 9. ಈ ಲೆಕ್ಕ ಆ ದೇಶದ್ದು, ಹಳೆಯದು. ಆದರೆ ಗುದ್ದಿಸಿಕೊಂಡವರ ಪಾಲು ಮಗುಚಿ ಸತ್ತವರ ಪಾಲಿಗೆ ಹೆಚ್ಚು ಕಡಿಮೆ ಸಮ ಇದೆ ಅನ್ನುವುದನ್ನು ಗಮನಿಸಿ. ಸೀಟಿನಲ್ಲಿ ಕೂತವನಷ್ಟೇ ಅಪಾಯ ಕೆಳಗೆ ನಡೆಯುವವನಿಗೂ ಇದೆ. ಹಮಾಲರು ಜಾಸ್ತಿ, ದಾರಿ ಕಿರಿದು ಇರುವ ನಮ್ಮ ಗೋಡೌನ್‌ಗಳಲ್ಲಿ ಕೆಳಗಿರುವವನ ಪಾಲು ಇನ್ನೂ ಜಾಸ್ತಿ ಅಂತಲೇ ನನ್ನ ಅಂದಾಜು.

ಗುದ್ದುವುದು ಹೇಗೆ? ಹೊರೆ ಇದ್ದಾಗ ಆಪರೇಟರ್‌ಗೆ ಮುಂದೆ ಕಾಣುವುದಿಲ್ಲ. ಆಗ ರಿವರ್ಸ್‌ನಲ್ಲಿ ಹೋಗಬೇಕು ಅನ್ನುವುದು ನಿಯಮ. ಎಂಟು ಗಂಟೆ ಕತ್ತು ಹಿಂದಕ್ಕೆ ತಿರುಗಿಸಿ ಓಡಿಸಿ ನೋಡಿ, ಗೊತ್ತಾಗುತ್ತದೆ. ಹಾಗಾಗಿ ತಲೆಯನ್ನು ಪಕ್ಕಕ್ಕೆ ಚಾಚಿ ಮುಂದೆಯೇ ಹೋಗುತ್ತಾರೆ, ಕಂಬ ಬಂದರೆ ತಲೆಗೇ ಏಟು. ಇನ್ನೊಂದು ವಿಷಯ: ಕಾರಿನಲ್ಲಿ ಮುಂದಿನ ಗಾಲಿ ತಿರುಗುತ್ತದೆ, ಇದರಲ್ಲಿ ಹಿಂದಿನದು. ಗಾಡಿ ಎಡಕ್ಕೆ ತಿರುಗಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಗಾಡಿ ನನ್ನನ್ನು ದಾಟಿ ಹೋಯಿತು ಅಂತ ಗೋಡೆಗೆ ಒರಗಿ ನಿಂತವನನ್ನು ಅದೇ ಹಿಂಭಾಗ ಒತ್ತಿಬಿಡುತ್ತದೆ.

ಇದಕ್ಕೆ ನಮ್ಮ ಬಿಸಿಲು ಸೇರಿಸಿ. ಏಪ್ರಿಲ್‌ನ ಮಧ್ಯಾಹ್ನ ಅಂಗಳದಿಂದ ಕತ್ತಲೆ ಗೋಡೌನ್‌ಗೆ ಬಂದರೆ ಕೆಲವು ಕ್ಷಣ ಕಣ್ಣಿಗೆ ಏನೂ ಕಾಣುವುದಿಲ್ಲ. ಗಂಟೆಗೆ 10 ಕಿ.ಮೀ. ಅಂದರೆ ಸೆಕೆಂಡಿಗೆ 2.8 ಮೀಟರ್. ಮೂರು ಸೆಕೆಂಡ್ ಕಣ್ಣು ಕಾಣದಿದ್ದರೆ ಗಾಡಿ ಎಂಟು ಮೀಟರ್ ಕುರುಡಾಗಿ ಓಡಿರುತ್ತದೆ. ಆ ಎಂಟು ಮೀಟರ್‌ನಲ್ಲೇ ಬಾಗಿಲ ಹತ್ತಿರ ನೆರಳು ಹುಡುಕಿಕೊಂಡು ಜನ ನಿಂತಿರುತ್ತಾರೆ. ರಿವರ್ಸ್ ಹಾರ್ನ್ ಇರಲ್ವಾ ಅಂದರೆ, ಇರುತ್ತದೆ. ಇಡೀ ದಿನ ಕಿವಿ ಕೊರೆಯುತ್ತದೆ ಅಂತ ಅದರ ವಯರ್ ಕಿತ್ತಿರುತ್ತಾರೆ. ಆಪರೇಟರ್ ಎದ್ದರೆ ಗಾಡಿ ನಿಲ್ಲಲಿ ಅಂತ ಸೀಟಿನ ಕೆಳಗೆ ಇರುವ ಸ್ವಿಚ್ಚನ್ನೂ ಕೆಲವು ಕಡೆ ವಯರ್ ಸುತ್ತಿ ಸುಮ್ಮನಿರಿಸಿರುತ್ತಾರೆ.

ಲಾರಿ ಹತ್ತಿರದ ಅಪಾಯವೇ ಬೇರೆ. ಕಟ್ಟೆಗೆ ಲಾರಿ ಹಿಂದಾಗಿ ನಿಲ್ಲುತ್ತದೆ, ನಡುವೆ ಕಬ್ಬಿಣದ ಹಲಗೆ ಹಾಕಿ ಫೋರ್ಕ್‌ಲಿಫ್ಟ್ ಲಾರಿ ಒಳಗೇ ಹೋಗುತ್ತದೆ. ಪ್ರತಿ ಸಲ ಬ್ರೇಕ್ ಹಾಕಿದಾಗ ಲಾರಿ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಗಾಲಿಗೆ ಅಡ್ಡ ಏನೂ ಕೊಡದಿದ್ದರೆ ಇಪ್ಪತ್ತನೇ ಸಲಕ್ಕೆ ಹಲಗೆ ಜಾರುತ್ತದೆ. ಇನ್ನೂ ಕೆಟ್ಟದ್ದು ಅಂದರೆ, ಯಾರೋ ಲಾರಿಯ ಮೈಗೆ ಎರಡು ಸಲ ಬಡಿದು ‘ರೈಟ್’ ಅಂದುಬಿಡುತ್ತಾರೆ. ಡ್ರೈವರ್ ಹೊರಡುತ್ತಾನೆ. ಫೋರ್ಕ್‌ಲಿಫ್ಟ್ ಅರ್ಧ ಲಾರಿಯಲ್ಲಿ, ಅರ್ಧ ಗಾಳಿಯಲ್ಲಿ. ಇದಕ್ಕೆ ಮದ್ದು ಬಹಳ ಸಣ್ಣದು. ಲೋಡ್ ಮುಗಿಯುವ ತನಕ ಲಾರಿಯ ಕೀ ಗೋಡೌನ್‌ನ ಮೊಳೆಯಲ್ಲಿ ನೇತಾಡಬೇಕು. ಖರ್ಚು ಒಂದು ಮೊಳೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡುವುದಿಲ್ಲ? ನನ್ನ ಪ್ರಕಾರ ಉತ್ತರ ಕೂಲಿಯ ಲೆಕ್ಕದಲ್ಲಿದೆ. ಹಮಾಲರಿಗೆ ಚೀಲಕ್ಕೆ ಇಷ್ಟು ಅಂತ. ಬಾಡಿಗೆ ಗಾಡಿ ಗಂಟೆಗೆ ಇಷ್ಟು, ಹಾಗಾಗಿ ಮಾಲೀಕನಿಗೂ ಅವಸರ. ಲಾರಿ ಡ್ರೈವರ್‌ಗೆ ಇವತ್ತೇ ಲೋಡ್ ಆದರೆ ನಾಳೆ ಇನ್ನೊಂದು ಬಾಡಿಗೆ. ಮೆಕ್ಕೆಜೋಳ ಬರುವ ಸುಗ್ಗಿಯಲ್ಲಿ ಅಂಗಳದಲ್ಲಿ ಲಾರಿಗಳ ಸಾಲು. ನಿಧಾನ ಮಾಡಿದರೆ ಅಲ್ಲಿರುವ ಎಲ್ಲರಿಗೂ ನಷ್ಟ. ಗಾಡಿ ದಾಟುವ ತನಕ ಪಕ್ಕಕ್ಕೆ ನಿಂತ ಹಮಾಲ ಆ ಐದು ನಿಮಿಷ ತನ್ನ ಜೇಬಿನಿಂದ ಕೊಟ್ಟಂತೆ. ಹಾಗಾಗಿ ಅವನು ನಿಲ್ಲುವುದಿಲ್ಲ, ಗಾಡಿಯ ಮುಂದೆಯೇ ನುಸುಳುತ್ತಾನೆ. ಇದನ್ನು ಅಜಾಗರೂಕತೆ ಅಂತ ಕರೆಯುವುದು ಸುಲಭ. ಹಾಗೆ ಕರೆದರೆ ಲೆಕ್ಕ ಬರೆದವನನ್ನು ಯಾರೂ ಕೇಳುವುದಿಲ್ಲ.

ಇನ್ನು ಕಾನೂನು. ಫೋರ್ಕ್‌ಲಿಫ್ಟ್‌ನ ಸ್ಥಿತಿ ಇಲ್ಲಿ ವಿಚಿತ್ರ. ಕಾರ್ಖಾನೆಯ ಆವರಣದ ಒಳಗೆ ಮಾತ್ರ ಬಳಸಲು ಮಾಡಿದ ವಿಶೇಷ ವಾಹನವನ್ನು ಮೋಟಾರು ವಾಹನ ಕಾಯ್ದೆ ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಿರ್ಮಾಣ ಸಲಕರಣೆ ವಾಹನಗಳ ಪಟ್ಟಿಯಲ್ಲಿ ಫೋರ್ಕ್‌ಲಿಫ್ಟ್ ಹೆಸರು ಹಿಡಿದೇ ಇದೆ. ಅಂದರೆ ಗೇಟಿನ ಒಳಗೆ ಆರ್‌ಟಿಒ ಕೇಳುವುದಿಲ್ಲ. ಎದುರಿನ ಗೋಡೌನ್‌ಗೆ ಅಂತ ರಸ್ತೆ ದಾಟಿಸಿದ ಕ್ಷಣದಿಂದ ನೋಂದಣಿ, ಲೈಸೆನ್ಸ್, ವಿಮೆ ಎಲ್ಲದರ ಪ್ರಶ್ನೆ ಏಳುತ್ತದೆ. ದಿನಕ್ಕೆ ನಾಲ್ಕು ಸಲ ರಸ್ತೆ ದಾಟುವ ಗಾಡಿಗಳ ಮಾಲೀಕರು ಇದನ್ನು ಒಮ್ಮೆ ಯೋಚಿಸುವುದು ಒಳ್ಳೆಯದು.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದದ್ದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ. ನಮ್ಮ ಊರಿನ ಮಟ್ಟಿಗೆ ಅದರಲ್ಲಿ ಒಂದು ನಷ್ಟ, ಒಂದು ಲಾಭ. ಮೊದಲು ಕರೆಂಟ್ ಬಳಸುವ ಘಟಕದಲ್ಲಿ 10 ಜನ ಇದ್ದರೆ ಅದು ಕಾರ್ಖಾನೆ. ಈಗ 20 ಜನ ಬೇಕು. ಹದಿನೈದು ಜನರ ಅಕ್ಕಿ ಗಿರಣಿ ಕಾರ್ಖಾನೆ ಅನ್ನುವ ಲೆಕ್ಕದಿಂದ ಹೊರಗೆ ಬಿತ್ತು. ಆದರೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಯಾವುದೇ ಸಂಸ್ಥೆ, ಬರೀ ವ್ಯಾಪಾರದ ಗೋಡೌನ್ ಕೂಡ, ಈಗ ಸುರಕ್ಷತೆಯ ಸಾಮಾನ್ಯ ಕರ್ತವ್ಯಗಳ ಒಳಗೆ ಬರುತ್ತದೆ. ‘ನಾವು ಏನೂ ತಯಾರಿಸಲ್ಲ ಸಾರ್, ಸುಮ್ನೆ ಮಾಲು ಇಡ್ತೀವಿ’ ಅನ್ನುವ ಹಳೆಯ ನೆಪ ಮುಂದೆ ನಡೆಯುವುದು ಕಷ್ಟ.

ಶಿಕ್ಷೆಯ ವಿಷಯದಲ್ಲಿ ಒಂದು ಅಸಮಾಧಾನ ನನಗಿದೆ. ಮಾಲೀಕ ಕರ್ತವ್ಯ ಮೀರಿದ್ದರಿಂದ ಕಾರ್ಮಿಕ ಸತ್ತರೆ ಮಾಲೀಕನಿಗೆ ಈ ಸಂಹಿತೆಯಡಿ ಎರಡು ವರ್ಷದವರೆಗೆ ಜೈಲು, ಅಥವಾ 5 ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆ ಇಲ್ಲದ ಪಾಲನ್ನು ಸತ್ತವನ ಮನೆಯವರಿಗೆ ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ. ಇದು ಒಳ್ಳೆಯದು. ಹಳೆಯ ಕಾಯ್ದೆಯಲ್ಲಿ ಸಾವಿಗೆ ಕನಿಷ್ಠ ದಂಡ 25 ಸಾವಿರ ಇತ್ತು. ಅತ್ತ ಪೊಲೀಸರು ಆಪರೇಟರ್ ಮೇಲೆ ಕೇಸು ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅಡಿ. ನಿರ್ಲಕ್ಷ್ಯದಿಂದ ಸಾವು, ಐದು ವರ್ಷದವರೆಗೆ ಜೈಲು. ಮಾಲೀಕನ ಮೇಲೂ ಅದೇ ಸೆಕ್ಷನ್ ಹಾಕಲು ಅಡ್ಡಿ ಇಲ್ಲ. ಆದರೆ ಎಫ್‌ಐಆರ್‌ನಲ್ಲಿ ಮೊದಲ ಹೆಸರು ಸ್ಟೇರಿಂಗ್ ಹಿಡಿದವನದು. ದಾರಿ ಕಿರಿದು ಮಾಡಿದವನಿಗೆ ಎರಡು ವರ್ಷ, ಆ ದಾರಿಯಲ್ಲಿ ಓಡಿಸಿದವನಿಗೆ ಐದು!

ಸಾಯದೆ ಉಳಿದವರ ಕಥೆ ಇನ್ನೂ ಮರೆಯಲ್ಲಿ ನಡೆಯುತ್ತದೆ. ಫೋರ್ಕ್‌ಲಿಫ್ಟ್ ಗಾಲಿ ಪಾದದ ಮೇಲೆ ಹತ್ತುವುದು ಮಾಮೂಲಿ ಗಾಯ. ಹವಾಯಿ ಚಪ್ಪಲಿ ಹಾಕಿದ ಕಾಲು. ಮೇಸ್ತ್ರಿ ಬೈಕ್ ಮೇಲೆ ಖಾಸಗಿ ಕ್ಲಿನಿಕ್‌ಗೆ ಕರೆದೊಯ್ಯುತ್ತಾನೆ, ಬ್ಯಾಂಡೇಜ್ ಆಗುತ್ತದೆ, ಕೈಗೆ ಒಂದಿಷ್ಟು ದುಡ್ಡು. ಗಾಯಾಳು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಅಪಘಾತವನ್ನು ವರದಿ ಮಾಡಬೇಕು ಅನ್ನುವುದು ಕಾರ್ಖಾನೆಗಳಿಗೆ ಹಳೆಯ ಕಾಯ್ದೆಯಲ್ಲೂ ಇತ್ತು, ಈಗಲೂ ಇದೆ. ವರದಿ ಆಗದಿದ್ದರೆ ಮುಂದಿನ ಯಾವ ಹಕ್ಕಿಗೂ ದಾಖಲೆ ಇರುವುದಿಲ್ಲ.

ಆ ಹಕ್ಕು ಸಣ್ಣದೇನಲ್ಲ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಗುಣವಾಗುವ ತನಕ ಸಂಬಳದ ಶೇ. 90ರಷ್ಟು ಸಿಗುತ್ತದೆ. ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕವೇ ಹೊಸ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿದೆ. 30 ವರ್ಷದ, 15,000 ಸಂಬಳದ ಹುಡುಗ ಸತ್ತರೆ ಸಂಬಳದ ಅರ್ಧವನ್ನು ಅವನ ವಯಸ್ಸಿನ ಅಂಶ 207.98ರಿಂದ ಗುಣಿಸುತ್ತಾರೆ: 15,59,850 ರೂಪಾಯಿ. ಅಂಗ ಊನವಾದರೆ ಸಂಬಳದ ಅರ್ಧದ ಬದಲು ಶೇ. 60 ಹಿಡಿದು ಗುಣಿಸುತ್ತಾರೆ. ಅದೇ ಹುಡುಗನ ಕಾಲಿನ ಹೆಬ್ಬೆರಳು ಬುಡದಿಂದ ಹೋದರೆ ಶೇ. 14ರ ನಷ್ಟ, ಸುಮಾರು 2,62,000. ಕ್ಲಿನಿಕ್ ಬಾಗಿಲಲ್ಲಿ ಕೈಗಿಟ್ಟ ನೋಟುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹಮಾಲ ಕಾಂಟ್ರಾಕ್ಟರ್ ಕಡೆಯವನಾದರೂ ಪರಿಹಾರ ಮೊದಲು ಕೊಡಬೇಕಾದವನು ಗೋಡೌನ್‌ನ ಮೂಲ ಮಾಲೀಕ. ಆಮೇಲೆ ಅವನು ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ.

ಸೇಫ್ಟಿ ಶೂ ಕೊಡಿಸಿದ್ದೀವಿ ಅನ್ನುವವರಿಗೂ ಒಂದು ಮಾತು. ಶೂ ಬೇಕು. ಜಾರಿ ಬಿದ್ದ ಪ್ಯಾಲೆಟ್‌ನಿಂದ ಅದು ಬೆರಳು ಉಳಿಸುತ್ತದೆ. ಹೊರೆ ಸೇರಿ ಏಳು ಟನ್ ತೂಗುವ ಗಾಡಿಯ ಗಾಲಿ ಪಾದ ಹತ್ತಿದರೆ ಶೂ ಉಳಿಸುತ್ತದೆ ಅಂತ ನಂಬಿ ಕೂರಬೇಡಿ. ಹಳದಿ ಗೆರೆಯ ಕಥೆಯೂ ಅಷ್ಟೇ. ತಪಾಸಣೆಗೆ ಮೊದಲ ವಾರ ಬಳಿದ ಗೆರೆ ಮೂರು ತಿಂಗಳಲ್ಲಿ ಟೈರಿಗೆ ಅಳಿಸಿಹೋಗುತ್ತದೆ. ಅದರ ಮೇಲೆ ಚೀಲ ಇಟ್ಟಿರುತ್ತಾರೆ.

ಕೆಲಸಕ್ಕೆ ಬರುವ ಉಪಾಯ ಜಾಗವನ್ನೋ ಹೊತ್ತನ್ನೋ ಬೇರೆ ಮಾಡುವುದು. ಎರಡು ಶಟರ್ ಇದ್ದರೆ ಒಂದು ಗಾಡಿಗೆ, ಒಂದು ಜನಕ್ಕೆ, ನಡುವೆ ಕಬ್ಬಿಣದ ಪೈಪಿನ ಬೇಲಿ. ಒಂದೇ ಶಟರ್ ಇದ್ದರೆ ಗಾಡಿ ಒಳಗಿದ್ದಾಗ ಜನ ಹೊರಗೆ, ಜನ ಒಳಗಿದ್ದಾಗ ಗಾಡಿ ಹೊರಗೆ. ಗಾಡಿಯ ಕೀ ಗೊತ್ತುಮಾಡಿದ ಒಬ್ಬನ ಹತ್ತಿರ ಮಾತ್ರ. ಊಟಕ್ಕೆ ಹೋದಾಗ ಫೋರ್ಕ್ ನೆಲಕ್ಕೆ, ಕೀ ಜೇಬಿಗೆ. ಬಾಗಿಲ ಒಳಗಿನ ಹತ್ತು ಮೀಟರ್‌ಗೆ ಎರಡು ಜೋರು ಲೈಟು. ಅಮೆರಿಕದಲ್ಲಿ ಮಾಲೀಕನೇ ಆಪರೇಟರ್‌ಗೆ ತರಬೇತಿ ಕೊಡಿಸಿ, ಮೂರು ವರ್ಷಕ್ಕೊಮ್ಮೆ ಅವನ ಕೆಲಸ ಪರೀಕ್ಷಿಸಬೇಕು ಅಂತ ಕಾನೂನೇ ಇದೆ. ಇಲ್ಲಿ ಕಾನೂನಿಗೆ ಕಾಯದೆ ಮಾಡಬಹುದು. ಗಾಡಿ ಮಾರುವ ಕಂಪನಿಯವರನ್ನು ಕೇಳಿದರೆ ಒಂದು ದಿನ ಬಂದು ಹೇಳಿಕೊಡಲು ಅವರು ಹಿಂಜರಿಯಬಾರದು.

ಇದರಲ್ಲಿ ದುಬಾರಿ ಅನ್ನಿಸುವುದು ಪೈಪೂ ಅಲ್ಲ, ಲೈಟೂ ಅಲ್ಲ. ಕಾಯುವ ಹೊತ್ತು. ಜನ ಹೊರಗೆ ನಿಂತರೆ ಪ್ರತಿ ಲಾರಿಗೂ ಒಂದಿಷ್ಟು ನಿಮಿಷ ಜಾಸ್ತಿ ಹಿಡಿಯುತ್ತದೆ. ಆ ನಿಮಿಷಗಳ ದುಡ್ಡು ಯಾರು ಕೊಡಬೇಕು ಅನ್ನುವುದು ಇತ್ಯರ್ಥ ಆಗದಿದ್ದರೆ ನಿಯಮ ಬೋರ್ಡಿನ ಮೇಲೆ ಮಾತ್ರ ಉಳಿಯುತ್ತದೆ. ಹಮಾಲಿ ದರದ ಮಾತುಕತೆ ನಡೆಯುವುದು ಚೀಲಕ್ಕೆ ಎಷ್ಟು ಅನ್ನುವುದರ ಮೇಲೆ. ಗಾಡಿ ಇರುವ ಗೋಡೌನ್‌ಗಳಲ್ಲಿ ಕಾಯುವ ಹೊತ್ತಿಗೂ ಒಂದು ದರ ಸೇರಿಸಿ ಅಂತ ಹಮಾಲರ ಸಂಘದವರು ಮುಂದಿನ ಸಲ ಕೇಳಬೇಕು. ಅದನ್ನು ವರ್ತಕರು ಕೂಲಿ ಜಗಳ ಅಂತ ತಳ್ಳಿಹಾಕಬಾರದು, ಅದು ಸುರಕ್ಷತೆಯ ಬೇಡಿಕೆಯೇ. ಬಾಡಿಗೆ ಗಾಡಿಯ ಬಿಲ್ಲಿನಲ್ಲಿ ಅರ್ಧ ಗಂಟೆ ಜಾಸ್ತಿ ಬಂದರೆ ಕೊಡುವವರು ಇದನ್ನೂ ಕೊಡಬಹುದು.